ಪುಸ್ತಕ ಆಮೇಲೆ, ಮೊದಲು ವಾರಕ್ಕೆ ಹತ್ತು ತಾಸು ಕೇಳಿ

ಪ್ರಶ್ನೆ: ಅಕ್ಕೋರೆ, ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷ. ಶಾಲೆಯಲ್ಲಿ 186 ಮಕ್ಕಳಿದ್ದಾರೆ. ದಾಖಲೆ ಪ್ರಕಾರ 1,140 ಪುಸ್ತಕಗಳಿವೆ, ಎರಡು ಕಪಾಟಿನಲ್ಲಿ. ಕೀಲಿಕೈ ಗಣಿತದ ಟೀಚರ್ ಹತ್ತಿರ ಇರುತ್ತದೆ, ಕಪಾಟು ತೆಗೆಯುವುದು ಅಪರೂಪ. ಹೋದ ವರ್ಷ ಹಳೆ ವಿದ್ಯಾರ್ಥಿಗಳು ಇನ್ನೂ 200 ಪುಸ್ತಕ ಕೊಡಿಸಿದರು. ಆ ಡಬ್ಬಿಗಳನ್ನು ಇನ್ನೂ ಬಿಚ್ಚಿಲ್ಲ. ಲೈಬ್ರರಿಗೆ ಒಬ್ಬರನ್ನು ಕೊಡಿ ಅಂತ ಮನವಿ ಒಯ್ದರೆ ‘ಪ್ರಾಥಮಿಕ ಶಾಲೆಗೆ ಅಂಥ ಹುದ್ದೆಯೇ ಇಲ್ಲ’ ಅಂದರು. ದುಡ್ಡು ಎಷ್ಟು ಬರುತ್ತದೆ, ಎಲ್ಲಿ ಹೋಗುತ್ತದೆ, ಅದೂ ಗೊತ್ತಾಗುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ನಮಸ್ಕಾರ. ನಿಮಗೆ ಸಿಕ್ಕ ಉತ್ತರ ಸುಳ್ಳಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಮನವಿಯನ್ನೂ ಅದೇ ಬಾಗಿಲಿಗೆ ಒಯ್ದು, ಅದೇ ಮಾತು ಕೇಳಿಕೊಂಡು ಬರುತ್ತೀರಿ.

ಶಿಕ್ಷಣ ಹಕ್ಕು ಕಾಯ್ದೆ 2009ರದು. ಅದರ ಕೊನೆಯಲ್ಲಿ ಒಂದು ಅನುಸೂಚಿ ಇದೆ. ಶಾಲೆ ಅಂದರೆ ಏನೇನು ಇರಲೇಬೇಕು ಅನ್ನುವ ಪಟ್ಟಿ ಅದು. ಆರನೇ ಅಂಶ ಗ್ರಂಥಾಲಯ. ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು. ಅಲ್ಲಿ ದಿನಪತ್ರಿಕೆ, ನಿಯತಕಾಲಿಕೆ, ಎಲ್ಲ ವಿಷಯದ ಪುಸ್ತಕ, ಕಥೆ ಪುಸ್ತಕ ಕೂಡ ಸಿಗಬೇಕು ಅಂತ ಇದೆ. ಓದಿದರೆ ಖುಷಿಯಾಗುತ್ತದೆ. ಆದರೆ ಅದೇ ಪಟ್ಟಿಯ ಮೇಲಿನ ಸಾಲುಗಳಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಅನ್ನುವ ಲೆಕ್ಕ ಬರುತ್ತದಲ್ಲ, ಅಲ್ಲಿ ನೋಡಿ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ಕಾರ್ಯಾನುಭವಕ್ಕೆ ಅರೆಕಾಲಿಕ ಬೋಧಕರು ಬೇಕು ಅಂತ ಬರೆದಿದ್ದಾರೆ. ಲೈಬ್ರರಿಗೆ ಯಾರೂ ಇಲ್ಲ. ಕಪಾಟಿಗೆ ಕಾಯ್ದೆಯಲ್ಲಿ ಜಾಗ ಸಿಕ್ಕಿತು, ಅದನ್ನು ತೆಗೆಯುವವರಿಗೆ ಸಿಗಲಿಲ್ಲ.

ಈ ಕೊರತೆ ಹೊಸದೇನಲ್ಲ. 1952–53ರ ಮಾಧ್ಯಮಿಕ ಶಿಕ್ಷಣ ಆಯೋಗ, ಅಂದರೆ ಮುದಲಿಯಾರ್ ಆಯೋಗ, ಶಾಲೆಯ ಲೈಬ್ರರಿಗೆ ತರಬೇತಾದ ಗ್ರಂಥಪಾಲಕರು ಬೇಕು ಅಂತ ಆಗಲೇ ಹೇಳಿತ್ತು. ಎಪ್ಪತ್ತು ವರ್ಷದ ಮೇಲಾಯಿತು. ಕೇಂದ್ರೀಯ ವಿದ್ಯಾಲಯದಲ್ಲಿ, ನವೋದಯದಲ್ಲಿ ಗ್ರಂಥಪಾಲಕರ ಹುದ್ದೆ ಇದೆ. ಅಂದರೆ ಶಾಲೆಗೆ ಅಂಥವರು ಬೇಕು ಅನ್ನುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿಷಯ ಅಲ್ಲ. ನಿಮ್ಮೂರ ಶಾಲೆಯ ತನಕ ಅದು ಬಂದಿಲ್ಲ, ಅಷ್ಟೇ.

ಹೊಸ ಹುದ್ದೆ ಹುಟ್ಟಿಸುವುದು ತಾಲ್ಲೂಕಿನ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕೈಯಲ್ಲಿಲ್ಲ. ಜಿಲ್ಲೆಯ ಉಪನಿರ್ದೇಶಕರು, ಅಂದರೆ ಡಿಡಿಪಿಐ ಕೈಯಲ್ಲೂ ಇಲ್ಲ. ವೃಂದ ಮತ್ತು ನೇಮಕಾತಿ ನಿಯಮ ತಿದ್ದಬೇಕು, ಹಣಕಾಸು ಇಲಾಖೆ ಒಪ್ಪಬೇಕು. ಅದು ಬೆಂಗಳೂರಿನ ಕೆಲಸ, ವರ್ಷಗಟ್ಟಲೆ ಎಳೆಯುತ್ತದೆ. ಹಾಗಂತ ಕೇಳುವುದನ್ನು ಬಿಡಬೇಡಿ. ಯಾರನ್ನು ಕೇಳಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಅಲ್ಲಿಯವರೆಗೆ ಬೇರೆ ಒಂದನ್ನು ಕೇಳಿ. ‘ಲೈಬ್ರರಿಯನ್ ಕೊಡಿ’ ಅನ್ನುವ ಬದಲು ‘ವಾರಕ್ಕೆ ಹತ್ತು ತಾಸು ಕೊಡಿ’ ಅನ್ನಿ. ತಾಸು ಕೊಡುವುದು ಹೆಡ್‌ಮಾಸ್ತರ್ ಕೈಯಲ್ಲಿದೆ, ನಿಮ್ಮ ಸಮಿತಿಯ ಕೈಯಲ್ಲಿದೆ, ಸ್ವಲ್ಪ ಮಟ್ಟಿಗೆ ಪಂಚಾಯಿತಿ ಕೈಯಲ್ಲೂ ಇದೆ.

ಹತ್ತೇ ಯಾಕೆ? ಲೆಕ್ಕ ಹಾಕೋಣ. 186 ಮಕ್ಕಳು ವಾರಕ್ಕೊಂದು ಪುಸ್ತಕ ಮನೆಗೆ ಒಯ್ಯಲಿ. ಹಳೆಯದನ್ನು ವಾಪಸ್ ಬರೆದುಕೊಂಡು ಹೊಸದನ್ನು ಕೊಡುವುದಕ್ಕೆ ಒಂದು ಮಗುವಿಗೆ ಒಂದು ನಿಮಿಷ ಹಿಡಿಯಿರಿ. 186 ನಿಮಿಷ, ಮೂರು ತಾಸಿನ ಮೇಲಾಯಿತು. ಅದು ಬರೀ ಬರೆಯುವ ಕೆಲಸ. ಮಗು ಕಪಾಟಿನ ಮುಂದೆ ನಿಂತು ಯಾವುದು ಬೇಕು ಅಂತ ತಿಳಿಯದೆ ಪುಟ ತಿರುವುತ್ತಿರುವಾಗ ‘ಇದನ್ನು ನೋಡವ್ವಾ’ ಅಂತ ಒಂದು ತೆಗೆದುಕೊಡುವುದಕ್ಕೆ ಇನ್ನೊಂದು ಮೂರು ತಾಸು. ವಾಪಸ್ ಬಂದದ್ದನ್ನು ಜೋಡಿಸಿ, ಹರಿದದ್ದಕ್ಕೆ ಅಂಟು ಹಚ್ಚಿ, ಬಾರದ್ದನ್ನು ನೆನಪಿಸುವುದಕ್ಕೆ ಎರಡು ತಾಸು. ಸಣ್ಣ ತರಗತಿಗಳಿಗೆ ಗಟ್ಟಿಯಾಗಿ ಕಥೆ ಓದಿ ಹೇಳುವುದಕ್ಕೆ ಎರಡು ತಾಸು. ಹತ್ತಾಯಿತು. ನಿಮ್ಮ ಗಣಿತದ ಟೀಚರ್‌ಗೆ ಇದಕ್ಕೆ ಇಟ್ಟ ಸಮಯ ಎಷ್ಟು? ಟೈಮ್‌ಟೇಬಲ್ ತೆಗೆದು ನೋಡಿ. ಬಹಳ ಕಡೆ ಸೊನ್ನೆ. ಪಾಠ, ಬಿಸಿಯೂಟ, ಹಾಜರಾತಿ, ಆನ್‌ಲೈನ್ ಎಂಟ್ರಿ, ನಡುವೆ ಚುನಾವಣೆ ಕೆಲಸ. ಇದರ ಮೇಲೆ ‘ಲೈಬ್ರರಿ ಚಾರ್ಜ್’ ಅಂತ ಒಂದು ಸಾಲು ಬರೆದು ಕೊಟ್ಟಿರುತ್ತಾರೆ. ಆ ಟೀಚರ್ ಮೇಲೆ ಸಿಟ್ಟಾಗುವುದರಲ್ಲಿ ಅರ್ಥ ಇಲ್ಲ.

ಕಪಾಟು ತೆಗೆಯದಿರುವುದಕ್ಕೆ ಇನ್ನೂ ಒಂದು ಕಾರಣ ಇದೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಾನು ಮೂವತ್ತು ವರ್ಷದ ಮೇಲೆ ಕಾಲೇಜಿನ ಗ್ರಂಥಾಲಯದಲ್ಲಿದ್ದವಳು. ನಿವೃತ್ತಿಯಾದ ಮೇಲೆ ಧಾರವಾಡ, ಗದಗ, ಹಾವೇರಿ ಕಡೆಯ ಶಾಲೆಗಳಿಗೆ ಕರೆದಾಗಲೆಲ್ಲ ಹೋಗುತ್ತೇನೆ. ಕುಂದಗೋಳ ಕಡೆಯ ಒಂದು ಶಾಲೆಯಲ್ಲಿ ಕಪಾಟಿನ ಕೀಲಿಕೈಯನ್ನು ಟೀಚರ್ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಗಂಟು ಬಿಚ್ಚಿ ಕಪಾಟು ತೆಗೆದರು. ಡಾಂಬರು ಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಪುಸ್ತಕಗಳು ಒಂದರ ಮೇಲೊಂದು, ಬೆನ್ನು ಒಳಗೆ ಮಾಡಿ ಇಟ್ಟಿದ್ದಾರೆ. ಹೆಸರು ಕಾಣುವುದಿಲ್ಲ. ಅರ್ಧಕ್ಕೆ ಖಾಕಿ ಕಾಗದದ ಹೊದಿಕೆ. ಯಾಕೆ ಹೀಗೆ ಅಂದೆ. ‘ಎಣಿಸ್ಲಿಕ್ಕ ಹಗುರಾಗ್ತದ್ರಿ’ ಅಂದರು. ಅವರಿಗೆ ಬೇಕಾಗಿದ್ದದ್ದು ಎಣಿಕೆ. ಅವರ ಹಿಂದಿನವರು ವರ್ಗವಾಗಿ ಹೋಗುವಾಗ 17 ಪುಸ್ತಕ ಕಡಿಮೆ ಬಂದು ಕೈಯಿಂದ ದುಡ್ಡು ಕಟ್ಟಿ ಹೋಗಿದ್ದರಂತೆ. ಆ ಕಥೆ ಕೇಳಿದ ಮೇಲೆ ಯಾರು ಮಕ್ಕಳ ಕೈಗೆ ಪುಸ್ತಕ ಕೊಡುತ್ತಾರೆ? ನಾನಾದರೂ ಕೊಡುತ್ತಿದ್ದೆನೋ ಇಲ್ಲವೋ.

ಆದ್ದರಿಂದ ನಿಮ್ಮ ಸಮಿತಿ ಮಾಡಬೇಕಾದ ಮೊದಲ ಕೆಲಸಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಆ ಹೆದರಿಕೆ ತೆಗೆಯಬೇಕು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು ಅಂತ ಇವೆ, 2017ರವು. ಅದರ 215ನೇ ನಿಯಮದಲ್ಲಿ, ವರ್ಷಕ್ಕೆ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದನ್ನು ಸಹಜ ನಷ್ಟ ಅಂತ ಒಪ್ಪಬಹುದು ಅಂತಿದೆ. ಮೋಸವೋ ನಿರ್ಲಕ್ಷ್ಯವೋ ಇರಬಾರದು, ಸಾವಿರ ರೂಪಾಯಿ ಮೀರಿದ ಬೆಲೆಯ ಪುಸ್ತಕವಾದರೆ, ಅಪರೂಪದ್ದಾದರೆ ವಿಚಾರಣೆ ಮಾಡಬೇಕು. ಇದು ಕೇಂದ್ರದ ಕಚೇರಿಗಳಿಗೆ ಇರುವ ನಿಯಮ, ನಿಮ್ಮ ಶಾಲೆಗೆ ನೇರವಾಗಿ ಅಂಟುವುದಿಲ್ಲ. ಆದರೆ ಮುಂದಿಟ್ಟುಕೊಂಡು ಮಾತಾಡಲು ಇಷ್ಟು ಸಾಕು. ನಿಮ್ಮ 186 ಮಕ್ಕಳು ವಾರಕ್ಕೊಂದರಂತೆ 35 ವಾರ ಒಯ್ದರೆ 6,510 ಸಲ ಪುಸ್ತಕ ಹೊರಗೆ ಹೋಗುತ್ತದೆ. ಆ ಲೆಕ್ಕದಲ್ಲಿ ವರ್ಷಕ್ಕೆ 32 ಪುಸ್ತಕ ಕಳೆದರೂ ಅದು ಸಹಜ. ಎಸ್‌ಡಿಎಂಸಿ ಸಭೆಯಲ್ಲಿ ಇದನ್ನೇ ಠರಾವು ಮಾಡಿ. ‘ಮಕ್ಕಳ ಬಳಕೆಯಿಂದ ಹರಿದ, ಕಳೆದ ಪುಸ್ತಕಗಳಿಗೆ ಉಸ್ತುವಾರಿ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ, ವರ್ಷಕ್ಕೊಮ್ಮೆ ಸಮಿತಿಯೇ ಎಣಿಸಿ, ಪಟ್ಟಿ ಮಾಡಿ, ದಾಸ್ತಾನಿನಿಂದ ತೆಗೆಯಲು ಮೇಲಿನವರಿಗೆ ಶಿಫಾರಸು ಮಾಡುತ್ತದೆ’ ಅಂತ. ಹೆಡ್‌ಮಾಸ್ತರ್ ಸಹಿ ಹಾಕಲಿ, ನಿಮ್ಮ ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಒಂದು ಪ್ರತಿ ಹೋಗಲಿ. ಕುಂದಗೋಳ ಕಡೆಯ ಆ ಶಾಲೆಯಲ್ಲಿ ಇಂಥ ಠರಾವು ಆದ ತಿಂಗಳೊಳಗೆ ಕಪಾಟಿನ ಬಾಗಿಲನ್ನೇ ಕಳಚಿಟ್ಟರು. ನಾನು ಹೇಳಿದ್ದಲ್ಲ, ಆ ಟೀಚರ್‌ರೇ ಮಾಡಿದ್ದು.

1,140 ಅನ್ನುವ ಅಂಕಿಯನ್ನೂ ನಂಬಬೇಡಿ. ಒಂದು ಶನಿವಾರ ಮಧ್ಯಾಹ್ನ ನಾಲ್ಕು ಜನ ತಾಯಂದಿರನ್ನು ಕರೆದು ಎಲ್ಲವನ್ನೂ ಜಮಖಾನದ ಮೇಲೆ ಸುರಿಯಿರಿ. ಹಳೇ ಪಠ್ಯಪುಸ್ತಕ ಒಂದು ಕಡೆ, ಗೈಡು ಒಂದು ಕಡೆ, ಇಲಾಖೆಯ ವರದಿ ಮತ್ತು ತರಬೇತಿ ಕೈಪಿಡಿ ಒಂದು ಕಡೆ, ಗೆದ್ದಲು ತಿಂದದ್ದು ಒಂದು ಕಡೆ. ಕೊನೆಗೆ ನಾಲ್ಕನೇ ತರಗತಿಯ ಮಗು ಕೂತು ಓದುವಂಥದ್ದು ಎಷ್ಟು ಉಳಿಯುತ್ತದೆ ನೋಡಿ. ನನ್ನ ಅನುಭವದಲ್ಲಿ ಅರ್ಧ ಉಳಿದರೆ ದೊಡ್ಡದು. ಹೈಸ್ಕೂಲಿನವರಿಗೆ ಬರೆದ ಜೀವನಚರಿತ್ರೆಗಳೇ ರಾಶಿ ಬಿದ್ದಿರುತ್ತವೆ, ಒಂದು–ಎರಡನೇ ತರಗತಿಗೆ ದೊಡ್ಡ ಅಕ್ಷರದ ಚಿತ್ರದ ಪುಸ್ತಕ ಹತ್ತೂ ಇರುವುದಿಲ್ಲ. ಮುಂದೆ ಯಾರಾದರೂ ‘ಪುಸ್ತಕ ಕೊಡಿಸುತ್ತೇವೆ’ ಅಂದರೆ ಏನು ಬೇಕು ಅಂತ ಕೈಯಲ್ಲಿ ಪಟ್ಟಿ ಇಟ್ಟುಕೊಂಡು ಹೇಳಬಹುದು. ಇಲ್ಲದಿದ್ದರೆ ಅಂಗಡಿಯಲ್ಲಿ ಮಾರಾಟವಾಗದೆ ಉಳಿದದ್ದು ನಿಮ್ಮ ಶಾಲೆಗೆ ಬರುತ್ತದೆ.

ಈಗ ದುಡ್ಡು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಗ್ರಂಥಾಲಯ ಅನುದಾನ ಅಂತಲೇ ಬೇರೆ ಇದೆ. ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿ. ಕಿರಿಯ ಪ್ರಾಥಮಿಕಕ್ಕೆ ಕಡಿಮೆ, ಮೇಲಿನ ತರಗತಿಗಳಿರುವಲ್ಲಿ ಜಾಸ್ತಿ. ಹತ್ತು ಸಾವಿರ ಬಂತು ಅಂದುಕೊಳ್ಳಿ, ಮಕ್ಕಳ ಪುಸ್ತಕಕ್ಕೆ ಸರಾಸರಿ 60 ರೂಪಾಯಿ ಹಿಡಿದರೂ 160ರ ಮೇಲೆ ಪುಸ್ತಕ ಬರುತ್ತವೆ. ಕಡಿಮೆಯೇನಲ್ಲ. ಆದರೆ ಇದು ಪುಸ್ತಕದ ದುಡ್ಡು, ಮನುಷ್ಯನ ಸಂಬಳಕ್ಕೆ ಬರುವುದಿಲ್ಲ. ಎಷ್ಟೋ ಸಲ ಇದರ ಖರೀದಿ ವರ್ಷದ ಕೊನೆಗೆ ಬಂದು ನಿಲ್ಲುತ್ತದೆ. ಮಾರ್ಚ್ ಮೂವತ್ತೊಂದರೊಳಗೆ ಬಿಲ್ ಆಗಬೇಕು ಅನ್ನುವ ಗಡಿಬಿಡಿಯಲ್ಲಿ ಪಟ್ಟಿ ಯಾರು ಮಾಡಿದರು ಅಂತ ಕೇಳುವವರೇ ಇರುವುದಿಲ್ಲ.

ನಿಮಗೆ ಕೇಳುವ ಹಕ್ಕಿದೆ. ಸರ್ಕಾರದಿಂದ, ಪಂಚಾಯಿತಿಯಿಂದ, ಬೇರೆ ಯಾರಿಂದಲೇ ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಸಮಿತಿಗೆ ಒಪ್ಪಿಸಿದ ಕೆಲಸ. 22ನೇ ಕಲಂ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ಬರೆಯಬೇಕಾದವರೂ ನೀವೇ. ಹೆಡ್‌ಮಾಸ್ತರ್ ಹತ್ತಿರ ಕೂತು ಮೂರು ವರ್ಷದ್ದು ಕೇಳಿ: ಎಷ್ಟು ಬಂತು, ಯಾವ ತಿಂಗಳು ಬಂತು, ಯಾವ ಪುಸ್ತಕ ಬಂತು. ಸಭೆಯಲ್ಲಿ ನಾಲ್ಕು ಜನರ ಎದುರು ಅಲ್ಲ, ಮೊದಲು ಒಬ್ಬರೇ ಹೋಗಿ ಚಹಾ ಕುಡಿಯುತ್ತ ಕೇಳಿ. ಅಲ್ಲೂ ಆಗದಿದ್ದರೆ ಮಾಹಿತಿ ಹಕ್ಕು ಇದ್ದೇ ಇದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನ. ನಮ್ಮ ರಾಜ್ಯದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಆದರೆ ಆ ಅರ್ಜಿ ಒಳಗೆ ಹೋದ ದಿನದಿಂದ ಹೆಡ್‌ಮಾಸ್ತರ್ ನಿಮ್ಮ ಎದುರಾಳಿ ಆಗುತ್ತಾರೆ. ನಿಮಗೆ ಬೇಕಾದ ಹತ್ತು ತಾಸು ಇರುವುದು ಅವರ ಟೈಮ್‌ಟೇಬಲ್‌ನಲ್ಲೇ, ಮರೆಯಬೇಡಿ.

ಗ್ರಂಥಾಲಯ ಕರದ ಬಗ್ಗೆ ಎಲ್ಲರೂ ಕೇಳುತ್ತಾರೆ. ಹುಬ್ಬಳ್ಳಿ-ಧಾರವಾಡದವರು ಆಸ್ತಿ ತೆರಿಗೆ ಚಲನ್ ತೆಗೆದು ನೋಡಿದರೆ ತೆರಿಗೆಯ ಮೇಲೆ ಶೇ 6 ಗ್ರಂಥಾಲಯ ಕರ ಇರುತ್ತದೆ, ಪಕ್ಕದಲ್ಲೇ ಭಿಕ್ಷುಕರ ಕರ ಶೇ 3. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು ಇದು. ಹೆಸರೇ ಹೇಳುವ ಹಾಗೆ ಇದು ಸಾರ್ವಜನಿಕ ಗ್ರಂಥಾಲಯಕ್ಕೆ, ಶಾಲೆಗೆ ಅಲ್ಲ. ಶಾಲೆಗೆ ಕೊಡಿ ಅಂತ ಕೇಳಿದರೆ ಕಾಯ್ದೆ ತೋರಿಸುತ್ತಾರೆ. ಆದರೆ ಆ ಗ್ರಂಥಾಲಯದ ಓದುಗರಲ್ಲಿ ನಿಮ್ಮ ಮಕ್ಕಳೂ ಇದ್ದಾರಲ್ಲ! ಹಳ್ಳಿಯಲ್ಲಿ ಈ ದಾರಿ ಇನ್ನೂ ಹತ್ತಿರ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಸಿಕ್ಕಿತು. ಈಗ ಬೋರ್ಡಿನ ಮೇಲೆ ಅರಿವು ಕೇಂದ್ರ ಅಂತ ಇರುತ್ತದೆ. ಅಲ್ಲಿ ಒಬ್ಬ ಮೇಲ್ವಿಚಾರಕರಿದ್ದಾರೆ. ಅಂದರೆ ನಿಮ್ಮ ಪಂಚಾಯಿತಿಯಲ್ಲಿ ಪುಸ್ತಕ ನೋಡಿಕೊಳ್ಳುವುದಕ್ಕೆ ಅಂತಲೇ ಇರುವ ಮನುಷ್ಯ ಒಬ್ಬರು ಆಗಲೇ ಇದ್ದಾರೆ. ಶಾಲೆಯಿಂದ ಅವರ ಕೋಣೆಗೆ ಎಷ್ಟು ಹೆಜ್ಜೆ? ವಾರಕ್ಕೆ ಎರಡು ಮಧ್ಯಾಹ್ನ ಎರಡೆರಡು ತಾಸು ಅವರು ಶಾಲೆಗೆ ಬರಲಿ, ಇಲ್ಲವೇ ಐದು, ಆರು, ಏಳನೇ ತರಗತಿಗಳು ಸರದಿಯಲ್ಲಿ ಅಲ್ಲಿಗೆ ಹೋಗಲಿ. ಪಿಡಿಒ ಜೊತೆ ಮಾತಾಡಿ, ಬರವಣಿಗೆಯಲ್ಲಿ ಮಾಡಿಸಿಕೊಳ್ಳಿ. ಬಾಯಿ ಮಾತಿನ ಏರ್ಪಾಡು ಪಿಡಿಒ ವರ್ಗವಾಗುವ ತನಕ ಮಾತ್ರ. ಹತ್ತರಲ್ಲಿ ನಾಲ್ಕು ತಾಸು ಇಲ್ಲೇ ಸಿಕ್ಕಿತು.

ಇನ್ನು ಮೂರು ತಾಸು ಟೈಮ್‌ಟೇಬಲ್‌ನಿಂದ. ಗಣಿತದ ಟೀಚರ್‌ಗೆ ವಾರಕ್ಕೆ ನಾಲ್ಕೈದು ಪೀರಿಯಡ್ ಲೈಬ್ರರಿ ಅಂತಲೇ ಬರೆದು ಕೊಡಬೇಕು, ಆ ಹೊತ್ತಿಗೆ ಬೇರೆ ಕೆಲಸ ಹಚ್ಚಬಾರದು. ಬೇರೆ ಶಿಕ್ಷಕರಲ್ಲಿ ಯಾರಿಗಾದರೂ ಪುಸ್ತಕದ ಹುಚ್ಚಿದ್ದರೆ ಚಾರ್ಜ್ ಅವರಿಗೆ ಹೋಗಲಿ. ಸೀನಿಯಾರಿಟಿ ನೋಡಿ ಕೊಡುವ ಕೆಲಸ ಅಲ್ಲ ಇದು.

ಉಳಿದ ಮೂರು ತಾಸಿಗೆ ಊರಿನವರೊಬ್ಬರು ಬೇಕು. ಡಿಗ್ರಿ ಮುಗಿಸಿ ಮನೆಯಲ್ಲಿರುವ ಸೊಸೆಯೋ ಮಗಳೋ ಸಿಗುತ್ತಾರೆ. ತಾಸಿಗೆ ನೂರು ರೂಪಾಯಿ ಕೊಡಿ. 35 ವಾರಕ್ಕೆ 10,500 ಆಯಿತು. ಹಳೆ ವಿದ್ಯಾರ್ಥಿಗಳು 200 ಪುಸ್ತಕ ಕೊಡಿಸಿದರಲ್ಲ, ಅದಕ್ಕೂ ಹೆಚ್ಚುಕಡಿಮೆ ಇಷ್ಟೇ ಆಗಿರಬೇಕು. ಮುಂದಿನ ಸಲ ಅವರಿಗೆ ಹೇಳಿ: ಪುಸ್ತಕ ಸಾಕು, ಎರಡು ವರ್ಷದ ಗೌರವಧನ ಕೊಡಿ ಅಂತ. ಮುಖ ಸ್ವಲ್ಪ ಸಪ್ಪಗಾಗುತ್ತದೆ. ಪುಸ್ತಕ ಕೊಟ್ಟರೆ ಫೋಟೋ ತೆಗೆಸಬಹುದು, ಒಳಪುಟದಲ್ಲಿ ಹೆಸರು ಒತ್ತಿಸಬಹುದು. ತಾಸಿಗೆ ಹೆಸರು ಒತ್ತಲು ಬರುವುದಿಲ್ಲ. ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡುವ ಸಿಎಸ್‌ಆರ್ ದುಡ್ಡಿನದೂ ಇದೇ ಕಥೆ. ಕಾನೂನು ಅವರಿಗೆ ಶಿಕ್ಷಣಕ್ಕೂ ಖರ್ಚು ಮಾಡಬಹುದು ಅನ್ನುತ್ತದೆ, ಅವರು ರ‍್ಯಾಕು ಕೊಡುತ್ತಾರೆ. ಶಾಸಕರ ನಿಧಿ ವರ್ಷಕ್ಕೆ ಎರಡು ಕೋಟಿ ಇದ್ದರೂ ಅದು ಕೋಣೆಗೆ, ಕಾಮಗಾರಿಗೆ. ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನದಲ್ಲಿ ಊರಿನ ಅಗತ್ಯಕ್ಕೆ ಬಿಟ್ಟ ಪಾಲಿದೆ, ಆದರೆ 15ನೇ ಆಯೋಗದ (2021–26) ನಿಯಮದಲ್ಲಿ ಅದನ್ನು ಸಂಬಳಕ್ಕೆ ಮುಟ್ಟುವ ಹಾಗಿರಲಿಲ್ಲ. ಎಲ್ಲರ ಹತ್ತಿರವೂ ಕಪಾಟಿಗೆ ದುಡ್ಡಿದೆ, ಕೈಗೆ ಇಲ್ಲ. ಹಾವೇರಿ ಜಿಲ್ಲೆಯವರೇ ಆದ ಕಾದಂಬರಿಕಾರ ಗಳಗನಾಥರು ಪುಸ್ತಕದ ಹೊರೆ ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಅಂತ ನಾವು ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ಹೊರೆ ತಾನೇ ನಡೆದು ಹೋಗಲಿಲ್ಲ ಅನ್ನುವುದು ಮಾತ್ರ ಬಜೆಟ್ ಬರೆಯುವಾಗ ಮರೆತುಹೋಗುತ್ತದೆ.

ಗೌರವಧನದ ಬಗ್ಗೆ ಒಂದು ಎಚ್ಚರಿಕೆ. ಒಂದು ಊರಿನಲ್ಲಿ ತಿಂಗಳಿಗೆ 800 ರೂಪಾಯಿ ಕೊಟ್ಟು ಒಬ್ಬ ಹುಡುಗಿಯನ್ನು ಇಟ್ಟುಕೊಂಡರು. ಮೊದಲು ಲೈಬ್ರರಿ, ಆಮೇಲೆ ಆನ್‌ಲೈನ್ ಎಂಟ್ರಿ, ಆಮೇಲೆ ಒಂದನೇ ತರಗತಿ ಪಾಠ. ಆರು ತಿಂಗಳಿಗೆ ಆಕೆ ಬಿಟ್ಟು ಹೋದಳು, ಸರಿಯಾಗಿಯೇ ಮಾಡಿದಳು. ಮೂರು ತಾಸು ಅಂದರೆ ಮೂರೇ ತಾಸು. ಇನ್ನೊಂದು, ಈ ಏರ್ಪಾಡು ಚೆನ್ನಾಗಿ ನಡೆದರೆ ‘ನಿಮ್ಮಲ್ಲಿ ನಡೀತಾ ಇದೆಯಲ್ಲ, ಹುದ್ದೆ ಯಾಕೆ’ ಅನ್ನುತ್ತಾರೆ. ಅದಕ್ಕೇ ಮೊದಲ ಠರಾವಿನಲ್ಲೇ ಬರೆದಿಡಿ: ಇದು ಹುದ್ದೆ ಮಂಜೂರಾಗುವವರೆಗಿನ ತಾತ್ಕಾಲಿಕ ವ್ಯವಸ್ಥೆ.

ಈಗ ಮೇಲಿನವರನ್ನು ಕೇಳುವ ವಿಷಯ. ಅಲ್ಲಿಗೆ ಹೋಗುವಾಗ ಓದಿನ ಮಹತ್ವದ ಮೇಲೆ ಎರಡು ಪುಟ ಬರೆದುಕೊಂಡು ಹೋಗಬೇಡಿ. ಅದು ಅವರಿಗೆ ಬಾಯಿಪಾಠ, ಭಾಷಣ ಮಾಡಿ ಮಾಡಿ ರೂಢಿಯಾಗಿದೆ. ವಿತರಣಾ ವಹಿ ಒಯ್ಯಿರಿ. ನಾಲ್ಕು ಕಾಲಂ ಸಾಕು: ದಿನಾಂಕ, ಮಗುವಿನ ಹೆಸರು, ಪುಸ್ತಕದ ನಂಬರ್, ವಾಪಸ್ ಬಂದ ದಿನ. ಕಪಾಟು ಮುಚ್ಚಿದ್ದ ಒಂದು ತಿಂಗಳ ಪುಟ ಮತ್ತು ಹತ್ತು ತಾಸು ಸಿಕ್ಕ ಮೇಲಿನ ಒಂದು ತಿಂಗಳ ಪುಟ, ಎರಡರ ಜೆರಾಕ್ಸ್ ಅಕ್ಕಪಕ್ಕ ಇಡಿ. ಕುಂದಗೋಳ ಕಡೆಯ ಶಾಲೆಯ ವಹಿ ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಜೂನ್ ತಿಂಗಳಿಗೆ ಒಂದೇ ಸಾಲು, ಅದೂ ಶಿಕ್ಷಕರೊಬ್ಬರು ಒಯ್ದದ್ದು. ಸೆಪ್ಟೆಂಬರ್‌ಗೆ ಪುಟ ತುಂಬಿ ಅಂಚಿನಲ್ಲೂ ಬರೆದಿದ್ದರು. ಐದನೇ ತರಗತಿಯ ಒಬ್ಬ ಹುಡುಗಿಯ ಹೆಸರು ಒಂದೇ ತಿಂಗಳಲ್ಲಿ ಹನ್ನೊಂದು ಸಲ. ಮೆಣಸಿನಕಾಯಿ ಬಿಡಿಸಲು ತಾಯಿ ಜೊತೆ ಹೋದ ನಾಲ್ಕು ದಿನ ಮಾತ್ರ ಹೆಸರಿಲ್ಲ. ಹೋಗುವ ಮೊದಲ ದಿನ ಎರಡು ಪುಸ್ತಕ ಒಯ್ದಿದ್ದಾಳೆ! ಆ ಪುಟ ನೋಡಿದ ಅಧಿಕಾರಿಯೊಬ್ಬರು ಏನೂ ಮಾತಾಡದೆ ಎರಡು ಸಲ ತಿರುವಿ ನೋಡಿದರು.

ಹಳ್ಳಿ ಶಾಲೆಗಳನ್ನು ನೋಡುವ ಅಸರ್ ಸಮೀಕ್ಷೆಯವರು ಕೂಡ ಲೈಬ್ರರಿಯನ್ನು ಮೂರು ಸಾಲಿನಲ್ಲಿ ಬರೆದುಕೊಳ್ಳುತ್ತಾರೆ. ಒಂದು, ಲೈಬ್ರರಿ ಇಲ್ಲ; ಎರಡು, ಇದೆ, ಆದರೆ ಭೇಟಿಯ ದಿನ ಮಕ್ಕಳು ಬಳಸುತ್ತಿರಲಿಲ್ಲ; ಮೂರು, ಇದೆ, ಬಳಸುತ್ತಿದ್ದರು. ಆ ನಡುವಿನ ಸಾಲು ನಿಮ್ಮ ಶಾಲೆ. ಪ್ರತಿ ಶಾಲೆಯೂ ವರ್ಷಕ್ಕೊಮ್ಮೆ ಮಾಹಿತಿ ತುಂಬುವ ಸರ್ಕಾರದ ಯುಡೈಸ್ ನಮೂನೆಯಲ್ಲೂ ಲೈಬ್ರರಿ ಇದೆಯೇ, ಎಷ್ಟು ಪುಸ್ತಕ ಅಂತ ಪ್ರಶ್ನೆ ಇರುತ್ತದೆ. ‘ಇದೆ’ ಅಂತ ಟಿಕ್ ಬಿದ್ದರೆ ನಿಮ್ಮ ಶಾಲೆಗೆ ಸಮಸ್ಯೆಯೇ ಇಲ್ಲ ಅಂತ ಲೆಕ್ಕ. ಸೆಪ್ಟೆಂಬರ್ 30 ಅದರ ಆಧಾರ ದಿನ. ಈ ಸಲ ತುಂಬುವಾಗ ಪಕ್ಕದಲ್ಲಿ ಕೂತು, ನೀವು ಎಣಿಸಿದ ನಿಜವಾದ ಅಂಕಿ ಹಾಕಿಸಿ. ಬೇರೆ ದೇಶದ ಆಧಾರ ಕೇಳಿದರೆ ಅಮೆರಿಕದ ಕೊಲೊರಾಡೊ ರಾಜ್ಯದ 1993ರ ಅಧ್ಯಯನ ಹೇಳಿ. ಮನೆಯ ಬಡತನದ ಲೆಕ್ಕ ತೆಗೆದು ನೋಡಿದರೂ, ಲೈಬ್ರರಿಯಲ್ಲಿ ಸಿಬ್ಬಂದಿ ಮತ್ತು ಪುಸ್ತಕ ಚೆನ್ನಾಗಿದ್ದ ಶಾಲೆಗಳ ಮಕ್ಕಳು ಓದಿನಲ್ಲಿ ಮುಂದಿದ್ದರು. ಆಮೇಲೆ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಥ ಅಧ್ಯಯನ ನಡೆದಿವೆ. ಆದರೂ ನಮ್ಮ ಕಚೇರಿಗಳಲ್ಲಿ ಕೊಲೊರಾಡೊಗಿಂತ ನಿಮ್ಮ ವಹಿಯ ಜೆರಾಕ್ಸ್‌ಗೆ ಬೆಲೆ ಜಾಸ್ತಿ.

ಯಾರನ್ನು ಕೇಳಬೇಕು? ಶುರು ಊರಿಂದಲೇ. ನವೆಂಬರ್‌ನಿಂದ ಜನವರಿ ಹೊತ್ತಿಗೆ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಬಹಳ ಕಡೆ ಮಕ್ಕಳಿಗೆ ಮೊದಲೇ ಚೀಟಿ ಬರೆದುಕೊಟ್ಟು ಓದಿಸುತ್ತಾರೆ. ಹಾಗೆ ಮಾಡಬೇಡಿ. ಹನ್ನೊಂದು ಸಲ ಹೆಸರು ಬಂದಂಥ ಒಂದು ಮಗು ಎದ್ದು ನಿಂತು ‘ನಮ್ಮ ಲೈಬ್ರರಿ ವಾರಕ್ಕೆ ಎಷ್ಟು ತಾಸು ತೆಗೀತೀರಿ’ ಅಂತ ಕೇಳಲಿ. ಅದು ನಡಾವಳಿಯಲ್ಲಿ ಬರುತ್ತದೆ. ನಡಾವಳಿಗೆ ಉತ್ತರ ಕೊಡಬೇಕಾಗುತ್ತದೆ.

ಅಲ್ಲಿಂದ ಕ್ಲಸ್ಟರ್. ಒಂದೇ ಶಾಲೆಗೆ ಪೂರ್ತಿ ಹುದ್ದೆ ಕೇಳಿದರೆ 186 ಮಕ್ಕಳಿಗೆ ಒಬ್ಬರೇ ಅಂತ ತಳ್ಳಿಹಾಕುವುದು ಸುಲಭ. ಅಕ್ಕಪಕ್ಕದ ಆರು ಶಾಲೆ ಸೇರಿ ಒಬ್ಬ ಗ್ರಂಥಪಾಲಕರನ್ನು ಕೇಳಿ, ಒಂದೊಂದು ದಿನ ಒಂದೊಂದು ಶಾಲೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಹತ್ತಿರದ ಶಾಲೆಗಳು ಒಂದು ಸಮುಚ್ಚಯವಾಗಿ ಲೈಬ್ರರಿಯಂಥದ್ದನ್ನು ಹಂಚಿಕೊಳ್ಳುವ ಮಾತಿದೆ. ರಾಜ್ಯ ಆ ನೀತಿಯನ್ನು ಒಪ್ಪಲಿ ಬಿಡಲಿ, ಆರು ಎಸ್‌ಡಿಎಂಸಿ ಅಧ್ಯಕ್ಷರ ಸಹಿ ಇರುವ ಕಾಗದವನ್ನು ಡಿಡಿಪಿಐ ಕಚೇರಿಯಲ್ಲಿ ಸುಮ್ನೆ ಕಟ್ಟಿಡುವುದು ಕಷ್ಟ. ಅದರ ಪ್ರತಿ ಧಾರವಾಡದಲ್ಲಿರುವ ಶಿಕ್ಷಣ ಇಲಾಖೆಯ ಅಪರ ಆಯುಕ್ತರ ಕಚೇರಿಗೂ ಹೋಗಲಿ. ಜಿಲ್ಲೆಯ ಸಮಗ್ರ ಶಿಕ್ಷಣ ವಾರ್ಷಿಕ ಯೋಜನೆ ಚಳಿಗಾಲದಲ್ಲೇ ತಯಾರಾಗುತ್ತದೆ. ಏಪ್ರಿಲ್‌ನಲ್ಲಿ ಒಯ್ದರೆ ಮುಂದಿನ ವರ್ಷ ನೋಡೋಣ ಅನ್ನುತ್ತಾರೆ.

ಹುದ್ದೆಯ ಮಾತಿಗೆ ವಿಧಾನ ಪರಿಷತ್ತಿನವರನ್ನು ಹಿಡಿಯಿರಿ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಸೇರಿದ ಪಶ್ಚಿಮ ಶಿಕ್ಷಕರ ಕ್ಷೇತ್ರ ಇದೆ, ಪಶ್ಚಿಮ ಪದವೀಧರರ ಕ್ಷೇತ್ರವೂ ಇದೆ. ಶಿಕ್ಷಕರ ಕ್ಷೇತ್ರದಲ್ಲಿ ಮತ ಇರುವುದು ಹೈಸ್ಕೂಲು ಮತ್ತು ಅದರ ಮೇಲಿನವರಿಗೆ, ಅವರಲ್ಲೂ ಈ ಲೈಬ್ರರಿ ಚಾರ್ಜ್ ಹೊತ್ತು ಬೇಸತ್ತವರಿದ್ದಾರೆ. ಪದವೀಧರರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಗ್ರಂಥಾಲಯ ವಿಜ್ಞಾನ ಓದಿ ಕೆಲಸಕ್ಕೆ ಕಾಯುತ್ತಿರುವವರೂ ಇದ್ದಾರೆ. ಒಂದು ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಮಂತ್ರಿಗಳು ಸದನದಲ್ಲೇ ಉತ್ತರ ಹೇಳಬೇಕಾದ ಪ್ರಶ್ನೆ, ಹಾಕಿಸಿ: ಈ ನಾಲ್ಕು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ ಗ್ರಂಥಪಾಲಕರ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಗ್ರಂಥಾಲಯ ಅನುದಾನ ಯಾವ ತಿಂಗಳಲ್ಲಿ ಬಿಡುಗಡೆಯಾಯಿತು. ಸದನದಲ್ಲಿ ಮಂತ್ರಿಗಳು ಹೇಳಿದ ಅಂಕಿಯನ್ನು ಆಮೇಲೆ ಯಾವ ಕಚೇರಿಯೂ ಅಲ್ಲಗಳೆಯಲು ಆಗುವುದಿಲ್ಲ. ರಾಜ್ಯ ಬಜೆಟ್ ಫೆಬ್ರವರಿ–ಮಾರ್ಚ್ ಸುಮಾರಿಗೆ ಬರುತ್ತದೆ, ಪ್ರಶ್ನೆ ಅದಕ್ಕೂ ಮೊದಲಿನ ಅಧಿವೇಶನದಲ್ಲಿ ಬರಬೇಕು. ಕಲ್ಯಾಣ ಕರ್ನಾಟಕದವರಿಗೆ ಅವರದೇ ಮಂಡಳಿಯ ದುಡ್ಡಿದೆ. ನಮ್ಮ ಧಾರವಾಡ, ಗದಗ, ಹಾವೇರಿಗೆ ಅಷ್ಟು ದೊಡ್ಡ ಕೈಗಂಟು ಇಲ್ಲ, ಬೆಂಗಳೂರನ್ನೇ ಕೇಳಬೇಕು.

ಇಷ್ಟೆಲ್ಲ ಕಾಗದ ಓಡಾಡುವುದಕ್ಕೆ ವರ್ಷಗಳು ಬೇಕು. ನಿಮ್ಮ ಮಕ್ಕಳು ಅಷ್ಟರಲ್ಲಿ ಎಂಟನೇ ತರಗತಿ ದಾಟುತ್ತಾರೆ. ಆ ಡಬ್ಬಿಗಳನ್ನು ಈ ಶನಿವಾರವೇ ಬಿಚ್ಚಿ. ಬಿಚ್ಚುವಾಗ ಒಳಗಿನ ಬಿಲ್ಲು ಮತ್ತು ಪಟ್ಟಿ ಎಸೆಯಬೇಡಿ, ದಾಸ್ತಾನು ವಹಿಯಲ್ಲಿ ಬಿಲ್ ನಂಬರ್ ಮತ್ತು ‘ದೇಣಿಗೆ’ ಅಂತ ಬರೆಯಬೇಕಾಗುತ್ತದೆ. ನಂಬರನ್ನು ಪುಸ್ತಕದ ಮುಖಪುಟದ ಮೇಲೆ ಬರೆಯಬೇಡಿ, ಒಳಗೆ ಹೆಸರು ಇರುವ ಪುಟದ ಹಿಂದೆ ಬರೆಯಿರಿ. ಖಾಕಿ ಹೊದಿಕೆ ಹಾಕಬೇಡಿ, ಚಿತ್ರ ಕಾಣದಿದ್ದರೆ ಮಕ್ಕಳು ಮುಟ್ಟುವುದಿಲ್ಲ. 200 ಪುಸ್ತಕಕ್ಕೆ ನಂಬರ್ ಹಾಕಲು ನಾಲ್ಕು ಜನಕ್ಕೆ ಎರಡು ತಾಸು ಸಾಕು. ಏಳನೇ ತರಗತಿಯ ಮಕ್ಕಳನ್ನೂ ಕೂರಿಸಿಕೊಳ್ಳಿ. ನಂಬರ್ ಹಾಕುತ್ತ ಹಾಕುತ್ತ ಒಂದಿಬ್ಬರು ಕೆಲಸ ಬಿಟ್ಟು ಓದಲು ಶುರು ಮಾಡುತ್ತಾರೆ. ಬೈಯಬೇಡಿ, ಅವರ ಹೆಸರು ಬರೆದಿಟ್ಟುಕೊಳ್ಳಿ. ಸೋಮವಾರದಿಂದ ವಿತರಣಾ ವಹಿ ಬರೆಯುವುದಕ್ಕೆ ಆ ಇಬ್ಬರು ಬೇಕಾಗುತ್ತಾರೆ.